ದಾರಿಯಲ್ಲಿ ಕೆಟ್ಟು ನಿಂತ ಗಾಡಿ

ವಾಕ್ಯಭಾಗ: ಲೂಕ 10:30-37

ಲಿಂಗಸುಗೂರಿಂದ ಮಸ್ಕಿ ದಾಟಿ ಸಿಂಧನೂರಿಗೆ ರಾತ್ರಿ ಬೈಕಲ್ಲಿ ಬರ್ತಿದ್ದೀರಿ. ಪಕ್ಕದಲ್ಲಿ ಗಾಡಿಯೊಂದು ಕೆಟ್ಟು ನಿಂತಿದೆ. "ಅಣ್ಣಾ, ಸ್ವಲ್ಪ ನಿಲ್ಲಿಸ್ರೀ" ಅಂತ ಯಾರೋ ಕೈ ಮಾಡ್ತಾರೆ. ಕಳ್ಳರಿದ್ದರೆ ಅಂತ ಎದೆ ಡವಡವ ಅನ್ನುತ್ತೆ.

ಆ ಭಯ ಪಾಪವಲ್ಲ. ಯೆರಿಕೋವಿನ ದಾರಿಯಲ್ಲೂ ಕಳ್ಳರಿದ್ದರು. ಯಾಜಕನಿಗಿದ್ದ ಅಪಾಯವೇ ಸಮಾರ್ಯದವನಿಗೂ ಇತ್ತು. ಆದರೂ ಅವನು ಕನಿಕರಪಟ್ಟ. ಗಮನಿಸಿ, ಎಲ್ಲವನ್ನೂ ತಾನೊಬ್ಬನೇ ಮಾಡಲಿಲ್ಲ. ಗಾಯಾಳುವನ್ನು ಛತ್ರಕ್ಕೆ ತಂದು, ಎರಡು ನಾಣ್ಯ ಕೊಟ್ಟು, ಛತ್ರದವನನ್ನೂ ಜೊತೆಗೆ ಸೇರಿಸಿಕೊಂಡ. ಪ್ರೀತಿಗೆ ಬುದ್ಧಿಯೂ ಬೇಕು.

1. ನಿರ್ಜನ ಜಾಗ, ನೀವೊಬ್ಬರೇ ಇದ್ದೀರಾ? ಇಳಿಯಬೇಡಿ. ಮುಂದೆ ಬೆಳಕಿರುವ ಡಾಬಾ, ಪೆಟ್ರೋಲ್ ಬಂಕ್ ಹತ್ತಿರ ನಿಂತು 112ಕ್ಕೆ ಫೋನ್ ಮಾಡಿ. ಆ ಜಾಗದ ಗುರುತು ಸರಿಯಾಗಿ ಹೇಳಿ. ಸಹೋದರಿಯರೇ, ಇದು ನಿಮಗೆ ಮುಖ್ಯವಾಗಿ.

2. ನಿಲ್ಲಿಸುವುದಾದರೆ ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ಇಂಡಿಕೇಟರ್ ಹಾಕಿ. ರಸ್ತೆ ಮೇಲೆ ನಿಂತು ಮಾತಾಡಬೇಡಿ. ಹಿಂದಿನಿಂದ ಬರುವ ಲಾರಿಗೆ ನೀವು ಕಾಣದೇ ಇರಬಹುದು. ಎಲ್ಲಿದ್ದೀರಿ ಅಂತ ಮನೆಗೆ ತಿಳಿಸಿ.

3. ಯಾರಿಗಾದರೂ ಗಾಯವಾಗಿದ್ದರೆ 108. ಕೇಸಿನ ಭಯ ಬೇಡ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರನ್ನು ಅದು ಕಾಪಾಡುತ್ತದೆ. ಕಾನೂನೇ ಅವರನ್ನು 'ಗುಡ್ ಸಮಾರಿಟನ್' ಅಂತ ಕರೆಯುತ್ತದೆ!

ನಿಲ್ಲಿಸಲು ಆಗದಿದ್ದರೆ ದೇವರು ತಪ್ಪೆಣಿಸುವುದಿಲ್ಲ. ಆದರೆ ಒಂದು ಫೋನ್ ಕೂಡ ಮಾಡದೆ ಹೋದರೆ ನಾವೂ ಆ ಯಾಜಕನೇ.

ಪ್ರಾರ್ಥಿಸೋಣ: ಕರ್ತನೇ, ನಮಗೆ ಕನಿಕರವನ್ನೂ ವಿವೇಕವನ್ನೂ ಕೊಡು. ಆಮೆನ್.