ಕೈಪಂಪಿನ ಹಿಡಿಯಿಂದ ಎಸ್ಸೆಮ್ಮೆಸ್: ಕೆನ್ಯಾದ ಪ್ರಯೋಗ

ಪರೀಕ್ಷೆಯಲ್ಲಿ ಗ್ರಾಮೀಣ ನೀರು ಪೂರೈಕೆಯ ಪ್ರಶ್ನೆ ಬಂದರೆ ಅಭ್ಯರ್ಥಿಗಳು ಎಷ್ಟು ಕೊಳವೆಬಾವಿ ಕೊರೆದರೆಂಬ ಲೆಕ್ಕ ಬರೆಯುತ್ತಾರೆ. ಕೊರೆದದ್ದು ಕೆಟ್ಟಾಗ ಯಾರಿಗೆ, ಎಷ್ಟು ಬೇಗ ತಿಳಿಯುತ್ತದೆ ಎಂಬುದು ಅದಕ್ಕಿಂತ ಮುಖ್ಯ. ಮಳೆ ಕಡಿಮೆಯಿರುವ ಕೆನ್ಯಾದ ಕಿಟುಯಿ ಕೌಂಟಿಯ ಕ್ಯೂಸೊದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರ ಸುಮಾರಿಗೆ ಕೈಪಂಪಿನ ಹಿಡಿಗಳಲ್ಲಿ ಚಲನೆ ಗುರುತಿಸುವ ಪುಟ್ಟ ಸಾಧನ ಅಳವಡಿಸಿದರು. ಹಿಡಿಯ ಏರಿಳಿತವನ್ನು ಎಣಿಸಿ ಅದು ಎಸ್ಸೆಮ್ಮೆಸ್ ಕಳಿಸುತ್ತಿತ್ತು; ಎತ್ತಿದ ನೀರಿನ ಅಂದಾಜೂ ಸಿಗುತ್ತಿತ್ತು, ಹಿಡಿ ಅಲುಗದಿದ್ದರೆ ಪಂಪು ಕೆಟ್ಟಿರಬಹುದೆಂಬ ಸುಳಿವೂ ಸಿಗುತ್ತಿತ್ತು. ಸರಾಸರಿ 27 ದಿನ ಕಾಯಬೇಕಿದ್ದ ದುರಸ್ತಿ 3 ದಿನದೊಳಗೆ ಮುಗಿಯತೊಡಗಿತು.

ಇಷ್ಟಕ್ಕೆ ಸಾಧನವೇಕೆ, ಊರಿನವರೇ ಫೋನ್ ಮಾಡಬಹುದಲ್ಲ ಎಂಬ ಆಕ್ಷೇಪ ಸಹಜ. ಟಾಂಜಾನಿಯಾದ ‘ಮಾಜಿ ಮಟೋನೆ’ ಯೋಜನೆ ಜನರ ಎಸ್ಸೆಮ್ಮೆಸ್ ದೂರುಗಳನ್ನೇ ನಂಬಿತ್ತು. ಬಂದ ಸಂದೇಶಗಳು ನಿರೀಕ್ಷೆಗಿಂತ ತೀರಾ ಕಡಿಮೆ. ದೂರಿತ್ತರೂ ಯಾರೂ ಬರುವುದಿಲ್ಲವೆಂದು ಗೊತ್ತಿದ್ದವರು ಸಂದೇಶಕ್ಕೆ ದುಡ್ಡು ಏಕೆ ಖರ್ಚು ಮಾಡಿಯಾರು? ಹಾಗೆಂದು ಸಾಧನ ಸರ್ವಜ್ಞನೂ ಅಲ್ಲ. ಮಳೆಗಾಲದಲ್ಲಿ ಜನ ಹಳ್ಳದ ನೀರಿಗೆ ಹೋದರೂ ಹಿಡಿ ನಿಲ್ಲುತ್ತದೆ; ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂಬುದನ್ನಂತೂ ಅದು ಹೇಳದು. ಸುದ್ದಿ ತಲುಪಿದರಷ್ಟೇ ಸಾಲದು; ಕ್ಯೂಸೊದಲ್ಲಿ ಸುದ್ದಿ ಬಂದೊಡನೆ ಹೊರಡುವ ಮೆಕ್ಯಾನಿಕ್ ಇದ್ದ. ಗೆಲುವಿನ ಅರ್ಧಪಾಲು ಅವನದು. ಆಮೇಲೆ ಬಂದ ‘ಫಂಡಿಫಿಕ್ಸ್’ ಸಂಸ್ಥೆ ಶುಲ್ಕ ಪಡೆದು ತ್ವರಿತ ದುರಸ್ತಿಯ ಹೊಣೆ ಹೊತ್ತಿತು. ಉತ್ತರ ಬರೆಯುವಾಗ ತಂತ್ರಜ್ಞಾನದ ಜೊತೆಗೆ ಈ ಹಣಕಾಸಿನ ಏರ್ಪಾಟನ್ನೂ ತಪ್ಪದೆ ಸೇರಿಸಿ.