ಒಂದೇ ಮೇಜು, ಎರಡು ಕಾವಲಿ: ಮನೆಯಲ್ಲೇ ಕೊರಿಯನ್ ಬುಲ್ಗೋಗಿ ಊಟ

ಈ ಸಲದ ಅಡುಗೆ ಪಾಠಕ್ಕೆ ನಾವು ಆರಿಸಿಕೊಂಡದ್ದು ಬುಲ್ಗೋಗಿ. ಕೊರಿಯನ್ ಭಾಷೆಯಲ್ಲಿ ‘ಬುಲ್’ ಅಂದ್ರೆ ಬೆಂಕಿ, ‘ಗೋಗಿ’ ಅಂದ್ರೆ ಮಾಂಸ. ತೆಳ್ಳಗೆ ಕೊಯ್ದ ದನದ ಮಾಂಸವನ್ನು ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಪೇರ್ ಹಣ್ಣಿನ ರಸದಲ್ಲಿ ನೆನೆಸಿ, ಬಿಸಿ ಕಾವಲಿಯ ಮೇಲೆ ಸುಟ್ಟು, ಸುತ್ತ ಏಳೆಂಟು ಬಟ್ಟಲು ಪಲ್ಯ-ಉಪ್ಪಿನಕಾಯಿ ಇಟ್ಟುಕೊಂಡು ಎಲ್ಲರೂ ಒಂದೇ ಮೇಜಿನಲ್ಲಿ ಕೂತು ತಿನ್ನುವ ಊಟ ಇದು. ಈ ಸುತ್ತಲಿನ ಬಟ್ಟಲುಗಳಿಗೆ ‘ಬಾಂಚಾನ್’ ಅಂತಾರೆ.

ಕನ್ನಡ ಸಂಘದ ಪುಸ್ತಿಕೆಯಲ್ಲಿ ದನದ ಮಾಂಸದ ಅಡುಗೆ ಯಾಕೆ ಅಂತ ಕೆಲವರು ಕೇಳಬಹುದು. ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗ್ತೀವಿ.

ನಮ್ಮ ಅಡುಗೆಮನೆಯ ಕಥೆ

ಡೆಲ್ಫ್ಟ್‌ನಲ್ಲಿ ನಾವು ಆರು ಜನ ಒಂದೇ ಅಡುಗೆಮನೆ ಹಂಚಿಕೊಂಡಿದ್ದೇವೆ. ಇಬ್ಬರು ಶುದ್ಧ ಸಸ್ಯಾಹಾರಿಗಳು, ಅದರಲ್ಲಿ ಒಬ್ಬರು ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಇಬ್ಬರು ಕೋಳಿ, ಮೀನು ತಿನ್ನುತ್ತಾರೆ, ದನದ ಮಾಂಸ ಬೇಡ ಅನ್ನುತ್ತಾರೆ. ಒಬ್ಬಳಿಗೆ ಹಲಾಲ್ ಆಗಿರಲೇಬೇಕು. ಇನ್ನೊಬ್ಬ ಕರಾವಳಿಯವನು, ಅವನ ಮನೆಯಲ್ಲಿ ಹಬ್ಬ ಅಂದ್ರೆ ದನದ ಮಾಂಸದ ಸಾರು. ಮೊದಲ ಐದು ತಿಂಗಳು ಅವನು ರಾತ್ರಿ ಹನ್ನೊಂದರ ಮೇಲೆ, ಎಲ್ಲರೂ ರೂಮಿಗೆ ಹೋದ ನಂತರ ಅಡುಗೆ ಮಾಡಿ, ಕಿಟಕಿ ತೆರೆದಿಟ್ಟು, ಪಾತ್ರೆ ಎರಡು ಸಲ ತೊಳೆದು ಮಲಗುತ್ತಿದ್ದ. ನಾವು ಯಾರೂ ಅವನಿಗೆ ಏನೂ ಅಂದಿರಲಿಲ್ಲ. ಆದರೆ ‘ಪರವಾಗಿಲ್ಲ, ಇಲ್ಲೇ ಕೂತು ತಿನ್ನೋ’ ಅಂತಲೂ ಅಂದಿರಲಿಲ್ಲ.

ನಮ್ಮೂರಲ್ಲಿ ಈ ಮಾಂಸ ಬರೀ ರುಚಿಯ ಮಾತಲ್ಲ. ಜಾತಿ, ಧರ್ಮ, ಕಾನೂನು ಎಲ್ಲ ಅದರಲ್ಲಿ ಸೇರಿಕೊಂಡಿವೆ. ಕರ್ನಾಟಕದಲ್ಲಿ 1964ರ ಕಾಯ್ದೆಯ ಬದಲಿಗೆ ಬಂದ 2020ರ ಹೊಸ ಕಾಯ್ದೆ 2021ರಲ್ಲಿ ಜಾರಿಯಾಯಿತು. ಅದರ ಪ್ರಕಾರ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಉಳಿದ ಜಾನುವಾರುಗಳ ವಧೆಗೆ ನಿಷೇಧ ಇದೆ. ಇಂಥ ವಿಷಯವನ್ನು ವಿಮಾನ ಹತ್ತುವಾಗ ಯಾರೂ ಊರಲ್ಲೇ ಬಿಟ್ಟು ಬರುವುದಿಲ್ಲ. ಕೊರಿಯಾದ ಕಥೆಯೂ ಇದಕ್ಕೆ ತೀರಾ ದೂರವಲ್ಲ. ಜೋಸನ್ ಅರಸರ ಕಾಲದಲ್ಲಿ (1392–1910) ಉಳುವ ಎತ್ತು ಉಳಿಯಲಿ ಅಂತ ದನ ಕಡಿಯುವುದನ್ನು ಮತ್ತೆ ಮತ್ತೆ ನಿಷೇಧಿಸುತ್ತಿದ್ದರು. ಅಲ್ಲಿನ ಬೌದ್ಧ ಮಠಗಳ ಅಡುಗೆಯಲ್ಲಿ ಇವತ್ತಿಗೂ ಮಾಂಸ ಇಲ್ಲ, ಬೆಳ್ಳುಳ್ಳಿ-ಈರುಳ್ಳಿಯೂ ಇಲ್ಲ.

ತರಗತಿಯ ಕೊರಿಯನ್ ಗೆಳತಿಯೊಬ್ಬಳು ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಬುಲ್ಗೋಗಿ ಮಾಡಿ ತೋರಿಸಿದಳು. ಅವತ್ತು ನಮಗೆ ಗೊತ್ತಾದದ್ದು ಇಷ್ಟು: ಈ ಊಟದಲ್ಲಿ ಮಾಂಸ ಒಂದು ಐಟಂ ಮಾತ್ರ. ಅನ್ನ, ಸೊಪ್ಪು, ಕೋಸಂಬರಿಯಂಥವು, ಉಪ್ಪಿನಕಾಯಿಯಂಥದ್ದು, ಗೊಜ್ಜು ಎಲ್ಲ ಬೇರೆ ಬೇರೆ ಬಟ್ಟಲಲ್ಲಿ ಇರುತ್ತವೆ. ಹಾಗಾಗಿ ಮಾಂಸ ತಿನ್ನುವವರೂ ತಿನ್ನದವರೂ ಒಂದೇ ಮೇಜಿನಲ್ಲಿ ಹೊಟ್ಟೆ ತುಂಬಾ ಉಣ್ಣಬಹುದು. ಸ್ವಲ್ಪ ಯೋಜನೆ ಬೇಕು, ಅಷ್ಟೇ.

ಮೊದಲು ಸಲಕರಣೆ

ಇದ್ದಿಲಿನ ಒಲೆಯನ್ನು ಮನೆಯೊಳಗೆ ಎಂದೂ ಹಚ್ಚಬೇಡಿ. ಕಿಟಕಿ ತೆರೆದಿದ್ದರೂ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ.

ಅದರ ಬದಲು ಇಲ್ಲೇ ಒಂದು ಒಳ್ಳೆ ದಾರಿ ಇದೆ. ಡಚ್ಚರು ಕ್ರಿಸ್‌ಮಸ್ ಸಮಯದಲ್ಲಿ ‘ಗೂರ್ಮೆಟ್ಟೆನ್’ ಮಾಡ್ತಾರೆ ಅಂತ ನೋಡಿರ್ತೀರಿ. ಮೇಜಿನ ನಡುವೆ ಕರೆಂಟಿನ ಕಾವಲಿ, ಪ್ರತಿಯೊಬ್ಬರಿಗೂ ಒಂದೊಂದು ಪುಟ್ಟ ಬಾಣಲೆ, ತಮಗೆ ಬೇಕಾದ್ದನ್ನು ತಾವೇ ಬೇಯಿಸಿಕೊಳ್ಳುವುದು. ಕೊರಿಯನ್ ಊಟಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಹಳೆ ಸೆಟ್ ಕ್ರಿಂಗ್‌ಲೋಪ್ ಅಂಗಡಿಗಳಲ್ಲಿ, ಅಂದರೆ ಬಳಸಿದ ಸಾಮಾನಿನ ಅಂಗಡಿಗಳಲ್ಲಿ, ಕಡಿಮೆ ಬೆಲೆಗೆ ಸಿಗುತ್ತದೆ. ನಾವು ಎರಡು ಇಟ್ಟುಕೊಂಡಿದ್ದೇವೆ: ಒಂದು ಮಾಂಸಕ್ಕೆ, ಇನ್ನೊಂದು ಅಣಬೆ-ತೋಫುಗೆ. ಸಸ್ಯಾಹಾರದ ಕಾವಲಿಗೆ ಹಸಿರು ಟೇಪ್ ಅಂಟಿಸಿದ್ದೇವೆ, ತೊಳೆಯುವ ಸ್ಪಂಜೂ ಬೇರೆ.

ಒಂದು ಸಣ್ಣ ಲೆಕ್ಕ ನೆನಪಿಡಿ. ಇಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಕರೆಂಟ್ ಲೈನಿಗೆ 16 ಆಂಪಿಯರ್ ಮಿತಿ. 230 ವೋಲ್ಟ್ ಅಂದರೆ ಸುಮಾರು 3600 ವ್ಯಾಟ್. 1200 ವ್ಯಾಟಿನ ಎರಡು ಕಾವಲಿ, 600 ವ್ಯಾಟಿನ ರೈಸ್ ಕುಕ್ಕರ್ ಸೇರಿದರೆ 3000 ಆಯ್ತು. ಅದರ ಮೇಲೆ ಯಾರಾದರೂ ಚಹಾಕ್ಕೆ 2000 ವ್ಯಾಟಿನ ಕೆಟಲ್ ಹಾಕಿದರೆ ಮನೆ ಕತ್ತಲು. ನಮಗೆ ಆಗಿದೆ. ಅನ್ನ ಮೊದಲೇ ಮಾಡಿಟ್ಟು ಕುಕ್ಕರ್ ಪ್ಲಗ್ ತೆಗೆದುಬಿಡಿ.

ಸಾಮಾನು ಎಲ್ಲಿ, ಏನು

*ಮಾಂಸ:* ಆರು ಜನರಲ್ಲಿ ಮೂರ್ನಾಲ್ಕು ಜನ ತಿನ್ನುವುದಾದರೆ 600 ಗ್ರಾಂ ಸಾಕು. ‘ಎಂಟ್ರೆಕೋಟ್’ ಅಥವಾ ‘ರಿಬ್‌ಐ’ ಒಳ್ಳೆಯದು. ಕಡಿಮೆ ಖರ್ಚಿಗೆ ‘ಬೀಫ್‌ಸ್ಟಕ್’ ಆಗುತ್ತದೆ. ‘ಸುಕಾಡ’ ಅನ್ನುವುದು ಗಂಟೆಗಟ್ಟಲೆ ಬೇಯಿಸುವ ಸಾರಿಗೆ, ಇದಕ್ಕೆ ಬೇಡ. ತುರ್ಕಿ ಅಥವಾ ಮೊರಾಕೊ ಕಡೆಯವರ ಹಲಾಲ್ ಮಾಂಸದಂಗಡಿಯಲ್ಲಿ ಕೊಂಡರೆ ಮನೆಯಲ್ಲಿ ಇಬ್ಬರ ಚಿಂತೆ ಒಟ್ಟಿಗೆ ತೀರುತ್ತದೆ. ಹೊಸದಾಗಿ ಬಂದವರಿಗೆ ಒಂದು ಎಚ್ಚರಿಕೆ: ಸೂಪರ್‌ಮಾರ್ಕೆಟ್ಟಿನ ‘ಹಾಫ್ ಓಮ್ ಹಾಫ್’ ಖೀಮಾದಲ್ಲಿ ದನ, ಹಂದಿ ಎರಡೂ ಬೆರೆತಿರುತ್ತವೆ. ದನದ ಮಾಂಸಕ್ಕೆ ಇಲ್ಲಿನ ಹೆಸರು ‘ರುಂಡ್’, ಹಂದಿಗೆ ‘ವಾರ್ಕನ್’. ಈ ಎರಡು ಪದ ಮೊದಲ ವಾರವೇ ಕಲಿತುಬಿಡಿ.

*ಸೋಯಾ ಸಾಸ್:* ಇಲ್ಲಿ ಎಲ್ಲ ಕಡೆ ಸಿಗುವ ‘ಕೆಟ್ಜಾಪ್ ಮಾನಿಸ್’ ಇಂಡೋನೇಷ್ಯಾದ ಸಿಹಿ ಸಾಸ್. ಅದನ್ನು ಹಾಕಿದರೆ ಪಾಕ ಆಗುತ್ತದೆ. ಉಪ್ಪು ರುಚಿಯ ಸಾದಾ ಸೋಯಾ ಸಾಸ್ ಕೊಳ್ಳಿ.

*ಎಳ್ಳೆಣ್ಣೆ:* ಕೊರಿಯಾದ್ದು ಹುರಿದ ಎಳ್ಳಿನ ಎಣ್ಣೆ. ಬಣ್ಣ ಗಾಢ, ಘಮ ಜೋರು. ನಮ್ಮೂರಿನ ಎಳ್ಳೆಣ್ಣೆಯೇ ಇದ್ದರೆ ಅದನ್ನೇ ಬಳಸಿ, ಜೊತೆಗೆ ಎರಡು ಚಮಚ ಎಳ್ಳು ಹುರಿದು ಕುಟ್ಟಿ ಹಾಕಿ.

*ಖಾರ:* ಕೊರಿಯಾದ ‘ಗೋಚುಗಾರು’ ಮೆಣಸಿನ ತರಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಯಾವುದೋ ನೆನಪಾಯ್ತಲ್ವಾ? ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ. ಅಮ್ಮ ಕಟ್ಟಿ ಕಳಿಸಿದ ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಗುಂಟೂರು ಬೇಡ, ಬಾಯಿ ಸುಡುತ್ತದೆ.

*ಉಳಿದದ್ದು:* ಗೋಚುಜಾಂಗ್ (ಮೆಣಸಿನ ಹುದುಗು ಪೇಸ್ಟ್), ದ್ವೆಂಜಾಂಗ್ (ಸೋಯಾ ಹುದುಗು ಪೇಸ್ಟ್), ಕಿಮ್ಚಿ – ಇವು ‘ಟೋಕೊ’ ಅನ್ನುವ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ಕಿಮ್ಚಿ ಬರೀ ಎಲೆಕೋಸು ಅಂತ ಸಸ್ಯಾಹಾರಿಗಳು ಮೋಸ ಹೋಗಬೇಡಿ: ಬಹಳಷ್ಟರಲ್ಲಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಇರುತ್ತದೆ. ಯುರೋಪಿನ ಲೇಬಲ್‌ಗಳಲ್ಲಿ ಅಲರ್ಜಿಯ ಪದಾರ್ಥಗಳು ಎದ್ದು ಕಾಣುವ ಹಾಗೆ ಅಚ್ಚಾಗಿರಬೇಕು ಅನ್ನುವ ನಿಯಮ ಇದೆ. ‘ವಿಸ್’ ಅಂದರೆ ಮೀನು, ‘ಖಾರ್ನಾಲನ್’ ಅಂದರೆ ಸೀಗಡಿ. ಕೆಲವು ಗೋಚುಜಾಂಗ್‌ಗಳಲ್ಲಿ ಕೆಡದಿರಲಿ ಅಂತ ಆಲ್ಕೋಹಾಲ್ ಸೇರಿಸಿರುತ್ತಾರೆ, ಹಲಾಲ್ ನೋಡುವವರು ಅದನ್ನೂ ಓದಿಕೊಳ್ಳಿ.

ನೆನೆಸುವ ರಸ

ಸೋಯಾ ಸಾಸ್ 8 ದೊಡ್ಡ ಚಮಚ, ಸಕ್ಕರೆ 3 ದೊಡ್ಡ ಚಮಚ, ಸಿಪ್ಪೆ ತೆಗೆದು ತುರಿದ ಒಂದು ಪೇರ್ ಹಣ್ಣು, ತುರಿದ ಒಂದು ಸಣ್ಣ ಈರುಳ್ಳಿ, ಜಜ್ಜಿದ 8 ಎಸಳು ಬೆಳ್ಳುಳ್ಳಿ, ಎಳ್ಳೆಣ್ಣೆ 3 ದೊಡ್ಡ ಚಮಚ, ಕಾಳುಮೆಣಸಿನ ಪುಡಿ 1 ಸಣ್ಣ ಚಮಚ. ಎಲ್ಲ ಕಲಸಿ. ಕೆಲವರು ಅಕ್ಕಿಯ ಮದ್ಯ ಹಾಕುತ್ತಾರೆ. ನಾವು ಹಾಕುವುದಿಲ್ಲ, ಕೊರತೆ ಅನಿಸಿಲ್ಲ.

ಪೇರ್ ಯಾಕೆ? ಅದರಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇದೆ, ಮಾಂಸ ಮೆತ್ತಗಾಗುತ್ತದೆ. ನಮ್ಮಲ್ಲಿ ಪರಂಗಿಕಾಯಿ ಅರೆದು ಹಚ್ಚುವುದೂ ಇದಕ್ಕೇ. ಕೊರಿಯಾದ ದುಂಡು ಪೇರ್ ಹುಡುಕಬೇಕಾಗಿಲ್ಲ, ಇಲ್ಲೇ ಬೆಳೆಯುವ ಉದ್ದನೆಯ ಕಾನ್ಫರೆನ್ಸ್ ಪೇರ್ ಸಾಕು. ಕಿವಿ ಹಣ್ಣು ಹಾಕುವುದಾದರೆ ಒಂದೇ ಚಮಚ, ಇಪ್ಪತ್ತು ನಿಮಿಷ ಮಾತ್ರ. ಹೆಚ್ಚಾದರೆ ಮಾಂಸ ಮುದ್ದೆ ಆಗುತ್ತದೆ.

ಈಗ ಮುಖ್ಯ ಹೆಜ್ಜೆ: ಮಾಂಸ ಹಾಕುವ ಮೊದಲೇ ಮೂರನೇ ಒಂದು ಪಾಲು ರಸ ಬೇರೆ ಪಾತ್ರೆಗೆ ತೆಗೆದಿಡಿ. ಅದಕ್ಕೆ 250 ಗ್ರಾಂ ಚಿಪ್ಪಣಬೆ (ಇಲ್ಲಿ ‘ಊಸ್ಟರ್‌ಜ್ವಾಮ್’), ನೀರು ಒತ್ತಿ ತೆಗೆದ 200 ಗ್ರಾಂ ತೋಫು ಹಾಕಿ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಇನ್ನೊಂದು ಪುಟ್ಟ ಬಟ್ಟಲಲ್ಲಿ ಸೋಯಾ, ಸಕ್ಕರೆ, ಪೇರ್, ಶುಂಠಿ, ಎಳ್ಳೆಣ್ಣೆ ಕಲಸಿ ಅಣಬೆ ನೆನೆಸಿ. ಮಠದ ಅಡುಗೆಯ ದಾರಿ ಅದೇ.

ಮಾಂಸವನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟು ಸ್ವಲ್ಪ ಗಟ್ಟಿಯಾದ ಮೇಲೆ, ಎಳೆಗೆ ಅಡ್ಡವಾಗಿ, ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಉಳಿದ ರಸದಲ್ಲಿ ಕಲಸಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ.

ಬಾಂಚಾನ್: ಮಾಂಸ ನೆನೆಯುವಷ್ಟರಲ್ಲಿ

*ಪಾಲಕ್:* 400 ಗ್ರಾಂ ಸೊಪ್ಪನ್ನು ಕುದಿಯುವ ಉಪ್ಪುನೀರಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಚೆನ್ನಾಗಿ ಹಿಂಡಿ. ಒಂದು ಚಮಚ ಸೋಯಾ, ಒಂದು ಚಮಚ ಎಳ್ಳೆಣ್ಣೆ, ಹುರಿದ ಎಳ್ಳು ಹಾಕಿ ಕೈಯಲ್ಲೇ ಕಲಸಿ.

*ಮೊಳಕೆ:* ‘ತೌಗೆ’ ಅಂತ ಮಾರುವ ಹೆಸರುಕಾಳಿನ ಮೊಳಕೆ 250 ಗ್ರಾಂ, ಎರಡು ನಿಮಿಷ ಕುದಿಸಿ ಬಸಿದು, ಉಪ್ಪು, ಎಳ್ಳೆಣ್ಣೆ.

*ಸೌತೆಕಾಯಿ:* ತೆಳುವಾಗಿ ಹೆಚ್ಚಿ, ಅರ್ಧ ಚಮಚ ಉಪ್ಪು ಹಾಕಿ ಹದಿನೈದು ನಿಮಿಷ ಬಿಟ್ಟು ಹಿಂಡಿ. ಬ್ಯಾಡಗಿ ತರಿ ಒಂದು ಚಮಚ, ವಿನೆಗರ್ ಒಂದು ಚಮಚ, ಚಿಟಿಕೆ ಸಕ್ಕರೆ, ಎಳ್ಳು.

*ಸ್ಸಾಮ್‌ಜಾಂಗ್ ಗೊಜ್ಜು:* ದ್ವೆಂಜಾಂಗ್ ಎರಡು ಚಮಚ, ಗೋಚುಜಾಂಗ್ ಒಂದು ಚಮಚ, ಎಳ್ಳೆಣ್ಣೆ, ಸಕ್ಕರೆ ಸ್ವಲ್ಪ ಸ್ವಲ್ಪ.

ಬೆಳ್ಳುಳ್ಳಿ ಬೇಕಾದವರಿಗೆ ಬೇರೆ ಬಟ್ಟಲಲ್ಲಿ ಇಟ್ಟರಾಯಿತು. ಎಲೆ ಸಹಿತ ಲೆಟಿಸ್ ಎರಡು ಗಡ್ಡೆ ತೊಳೆದು ಒರೆಸಿಡಿ. ಅನ್ನಕ್ಕೆ ಸುಶಿ ಅಕ್ಕಿ ಒಳ್ಳೆಯದು. ಸ್ವಲ್ಪ ಅಂಟಿಕೊಳ್ಳಬೇಕು, ಬಾಸ್ಮತಿ ಉದುರಿಹೋಗುತ್ತದೆ.

ಸುಡುವುದು, ಉಣ್ಣುವುದು

ಕಾವಲಿ ಚೆನ್ನಾಗಿ ಕಾಯಲಿ. ಮಾಂಸದ ರಸ ಝಾಡಿಸಿ, ಒಂದು ಸಲಕ್ಕೆ ಐದಾರು ತುಂಡು ಮಾತ್ರ ಹರಡಿ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಸುಡುವುದಿಲ್ಲ. ಒಂದೊಂದು ಬದಿಗೆ ಒಂದು ನಿಮಿಷದ ಆಸುಪಾಸು. ಸಕ್ಕರೆ ಇರುವುದರಿಂದ ಬೇಗ ಕರಕಾಗುತ್ತದೆ, ನಡುನಡುವೆ ಕಾವಲಿಯನ್ನು ಒದ್ದೆ ಕಾಗದದಿಂದ ಇಕ್ಕಳ ಹಿಡಿದು ಒರೆಸಿ. ಹಸಿ ಮಾಂಸ ಎತ್ತುವ ಇಕ್ಕಳ ಬೇರೆ, ಬೆಂದದ್ದು ಎತ್ತುವುದು ಬೇರೆ. ಮೇಜಿನ ಮೇಲೆ ಸ್ವಲ್ಪವೇ ಇಟ್ಟುಕೊಂಡು ಉಳಿದದ್ದನ್ನು ಫ್ರಿಜ್ಜಿನಲ್ಲೇ ಬಿಡಿ.

ಅಂಗೈ ಮೇಲೆ ಒಂದು ಲೆಟಿಸ್ ಎಲೆ, ಅದರ ಮೇಲೆ ಚೂರು ಅನ್ನ, ಒಂದು ತುಂಡು ಮಾಂಸ ಅಥವಾ ಅಣಬೆ, ಮೇಲೆ ಗೊಜ್ಜು, ಕಿಮ್ಚಿ. ಮಡಚಿ, ಒಂದೇ ತುತ್ತಿಗೆ ಬಾಯಿಗೆ. ಇದಕ್ಕೆ ‘ಸ್ಸಾಮ್’ ಅಂತಾರೆ. ಅರ್ಧ ಕಚ್ಚಿದರೆ ಎಲ್ಲ ಮೈಮೇಲೆ!

ಕೊನೆಗೊಂದು ಮಾತು

ಮೊದಲ ಸಲ ನಾವು ಹೀಗೆ ಕೂತಾಗ ಆರು ಜನರಲ್ಲಿ ಐದು ಜನ ಮಾತ್ರ ಇದ್ದೆವು. ಸಸ್ಯಾಹಾರಿ ಗೆಳತಿಯೊಬ್ಬಳು, ಮಾಂಸ ಸುಡುವ ವಾಸನೆ ತಡೆಯಕ್ಕಾಗಲ್ಲ ಅಂದಳು. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ. ಅವಳ ಪಾಲಿನ ಬಾಂಚಾನ್ ಮತ್ತು ಅಣಬೆಯನ್ನು ಮೊದಲೇ ಸುಟ್ಟು ತಟ್ಟೆಯಲ್ಲಿ ರೂಮಿಗೆ ಕೊಟ್ಟೆವು. ಎರಡನೇ ಸಲ ಮಾಂಸದ ಕಾವಲಿಯನ್ನು ಕಿಟಕಿ ಪಕ್ಕಕ್ಕೆ, ಹಸಿರು ಟೇಪಿನದ್ದನ್ನು ಬಾಗಿಲ ಪಕ್ಕಕ್ಕೆ ಇಟ್ಟೆವು. ಅವಳು ಬಾಗಿಲ ಪಕ್ಕ ಬಂದು ಕೂತಳು. ಮುಂದೆಯೂ ಬರಲೇಬೇಕು ಅಂತೇನಿಲ್ಲ. ಎಲ್ಲರೂ ಎಲ್ಲವನ್ನೂ ತಿನ್ನಲಿ ಅನ್ನುವುದು ಈ ಪಾಠ ಅಲ್ಲ. ಏನು ತಿನ್ನುತ್ತೀನಿ ಅಂತ ಬಚ್ಚಿಡಬೇಕಾದ ಅವಸ್ಥೆ ಯಾರಿಗೂ ಬೇಡ, ಬೇಡ ಅನ್ನುವುದಕ್ಕೆ ಕಾರಣ ಕೊಡುವ ಅವಸ್ಥೆಯೂ ಯಾರಿಗೂ ಬೇಡ.

ಕೊರಿಯಾದಲ್ಲಿ ಪ್ರೀತಿಪಾತ್ರರಿಗೆ ತಾವೇ ಸ್ಸಾಮ್ ಕಟ್ಟಿ ಬಾಯಿಗೆ ಕೊಡುವ ರೂಢಿ ಇದೆ. ನಮ್ಮ ಕೈತುತ್ತಿನ ಹಾಗೆಯೇ. ಆ ಎರಡನೇ ಸಂಜೆ ಕರಾವಳಿಯ ಗೆಳೆಯ ಎದ್ದು ಹೋಗಿ ಕೈ ತೊಳೆದು ಬಂದು, ಹಸಿರು ಟೇಪಿನ ಕಾವಲಿಯಿಂದ ಅಣಬೆ ತೆಗೆದು, ಎಲೆಯಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟ. ಅವನು ಈಗ ಏಳು ಗಂಟೆಗೇ ಅಡುಗೆ ಮಾಡ್ತಾನೆ.

ನಿಮ್ಮ ಮನೆಯಲ್ಲೂ ಒಮ್ಮೆ ಮಾಡಿ ನೋಡಿ. ಆದರೆ ಸಾಮಾನು ಪಟ್ಟಿ ಬರೆಯುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿ: ಯಾರಿಗೆ ಏನು ಬೇಕು, ಯಾರಿಗೆ ಏನು ಬೇಡ.