ಗುಳಿಗೆಯ ಪರೀಕ್ಷೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳು ಹಿಂದೆ ಚಳಿಜ್ವರಕ್ಕೆ ಹೆಸರಾಗಿದ್ದುದನ್ನು ಹಿರಿಯರು ಬಲ್ಲರು. ಅಂಥ ಜ್ವರಕ್ಕೆ ಕೊಟ್ಟ ಗುಳಿಗೆಯಲ್ಲಿ ಔಷಧವಿಲ್ಲದೆ ಬರಿಯ ಹಿಟ್ಟಿದ್ದರೆ ರೋಗಿಯ ಗತಿಯೇನು? ಗುಳಿಗೆಯನ್ನು ಒಡೆಯದೆ ಪರೀಕ್ಷಿಸುವ ಒಂದು ಮಾರ್ಗವು, ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮದಿಂದ ದೊರೆತಿದೆ. ಒಂದೇ ಬಣ್ಣದ ಬೆಳಕನ್ನು ಗುಳಿಗೆಯ ಮೇಲೆ ಬಿಟ್ಟರೆ, ಚದರಿದ ಬೆಳಕಿನ ಅತ್ಯಲ್ಪಾಂಶವು ಬಣ್ಣ ಬದಲಿಸಿ ಬರುವುದು. ಆ ಬದಲಾವಣೆಯ ರೇಖೆಗಳು ಒಂದೊಂದು ಪದಾರ್ಥಕ್ಕೆ ಒಂದೊಂದು ಬಗೆ.

ಆದರೆ ಒಂದೇ ಕಾರಖಾನೆಯ ಗುಳಿಗೆಗಳೂ ತೇವದಿಂದಲೂ ಪುಡಿಯ ನಯದಿಂದಲೂ ಕೊಂಚ ಭಿನ್ನವಾಗಿರುವವು, ನಾವು ಒಂದೇ ದಿನ ಒತ್ತಿದ ಹಲಸಿನ ಹಪ್ಪಳಗಳಂತೆ! ಒಂದನ್ನೇ ಮಾದರಿಯಾಗಿಟ್ಟರೆ ಒಳ್ಳೆಯದಕ್ಕೂ ಕಳಂಕ ಬಂದೀತು. ಆದುದರಿಂದ ಬೇರೆಬೇರೆ ಸಲ ತಯಾರಾದ ಅಸಲಿ ಗುಳಿಗೆಗಳನ್ನು ಅಳೆದು, ಸರಾಸರಿಯನ್ನೂ ಅದರ ಸುತ್ತಲಿನ ಸಹಜ ವ್ಯತ್ಯಾಸದ ಮೇರೆಯನ್ನೂ ಲೆಕ್ಕಹಾಕುವರು. ಮೇರೆ ಮೀರಿದುದನ್ನು ರಸಾಯನಶಾಲೆಗೆ ಕಳುಹಿಸುವರು. ಕೆಲವು ಗುಳಿಗೆಗಳ ಬಣ್ಣದ ಲೇಪವು ತಾನೇ ಹೊಳೆದು ಈ ಕ್ಷೀಣ ರೇಖೆಗಳನ್ನು ಮುಚ್ಚಿಬಿಡುವುದೂ ಉಂಟು.